ಕಂದವಾರ ಕೆರೆ ಏರಿಯಿಂದ ಆಕಾಶ: ಅಶ್ವಿನಿ ಮಳೆಯಿಂದ ಮೃಗಶಿರಾ ತನಕ

ಯುಗಾದಿ ಕಳೆದ ಮೇಲೆ ಹಿಡಿದ ಕೆಲಸ ಇದು. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಏರಿ ಮೇಲೆ ಕೂತು ಪಡುವಣದ ಆಕಾಶ ಬರೆಯುವುದು. ಕೆಳಗೆ ಕಳವಾರದ ಬೆಟ್ಟ ಬಂದರೂ ಸರಿ, ಬರದಿದ್ದರೂ ಸರಿ. ಹೊರಗಿನವರು ಅದನ್ನು ಸ್ಕಂದಗಿರಿ ಅನ್ನುತ್ತಾರೆ. ಹಾಳೆ ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ಹಾಳೆಗೆ ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಹಾಳೆ ಮಗುಚಿ, ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿ ಯಾವ ಕಡೆಯದು, ಮಳೆ ಬಂತಾ ಇಲ್ವಾ ಅಂತ ಬರೆದಿಡುವುದು. ಈಗ ಮೃಗಶಿರಾ ನಡೆಯುತ್ತಿದೆ. ಒಂದು ಘಟ್ಟ ಮುಗಿಯಿತು ಅನ್ನಬಹುದು.

ಹಿಂಬದಿ ಬರೆಯುವ ಅಭ್ಯಾಸ ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ನಿಂದ ತಗೊಂಡಿದ್ದು. 1776ರಲ್ಲಿ ಸಫೊಕ್ ಸೀಮೆಯ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಅಪ್ಪನಿಗೆ ಹಿಟ್ಟಿನ ಗಿರಣಿಗಳಿದ್ದವು, ನೀರಿನವು, ಗಾಳಿಯವು. ಚಿತ್ರಕಲೆ ಕಲಿಯಲು ಲಂಡನ್‌ಗೆ ಹೋಗುವ ಮೊದಲು ಇವನೂ ಗಿರಣಿಯಲ್ಲಿ ದುಡಿದಿದ್ದ. ಗಾಳಿ ಗಿರಣಿ ನಡೆಸುವವನಿಗೆ ಮೋಡ ಓದೋದು ಹೊಟ್ಟೆಪಾಡು. ರೆಕ್ಕೆ ಬಿಚ್ಚಬೇಕಾ ಕಟ್ಟಬೇಕಾ ಅನ್ನೋದು ಆಕಾಶ ನೋಡಿಯೇ ಗೊತ್ತಾಗಬೇಕು.

ಹೆಂಡತಿ ಮರಿಯಾಗೆ ಎದೆ ಕಾಯಿಲೆ. ಒಳ್ಳೆ ಗಾಳಿ ಸಿಗಲಿ ಅಂತ 1819ರಿಂದ ಲಂಡನ್ ಪಕ್ಕದ ಹ್ಯಾಂಪ್‌ಸ್ಟೆಡ್ ದಿಬ್ಬದ ಮೇಲೆ ಮನೆ ಮಾಡುತ್ತಿದ್ದ. ಅಲ್ಲೇ 1821 ಮತ್ತು 1822ರಲ್ಲಿ ಬರೀ ಆಕಾಶವನ್ನೇ ಹಾಳೆ ಮೇಲೆ ಹಾಳೆ ಬರೆದ. ಎಣ್ಣೆ ಬಣ್ಣ, ಕಾಗದದ ಮೇಲೆ. 1821ರ ಸೆಪ್ಟೆಂಬರ್ 11ರ ಹಾಳೆಯ ಹಿಂದೆ ಅವನು ಬರೆದಿರುವುದು ಹೀಗೆ: ಬೆಳಗ್ಗೆ 10ರಿಂದ 11, ಸೆಕೆ, ನೈಋತ್ಯದ ಕಡೆ ಸಣ್ಣ ಗಾಳಿ, ದಿನವೆಲ್ಲ ಚೆನ್ನಾಗಿತ್ತು, ಆದರೆ ರಾತ್ರಿ ಮಳೆ. ಆ ಕೊನೆಯ ಮಾತು ನೋಡಿ. ಚಿತ್ರ ಬೆಳಗ್ಗೆಯದು, ಮಳೆ ರಾತ್ರಿಯದು. ಅಂದರೆ ಬಣ್ಣ ಒಣಗಲು ಇಟ್ಟ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು, ಈ ಮೋಡ ಕೊನೆಗೆ ಏನು ಮಾಡಿತು ಅಂತ ಬರೆದಿದ್ದಾನೆ. ನಾನು ಕದ್ದಿರುವುದು ಆ ಒಂದು ಸಾಲನ್ನು. ನನ್ನ ಹಾಳೆಗಳ ಹಿಂದೆಯೂ 'ಆಮೇಲೆ' ಅಂತ ಒಂದು ಜಾಗ ಖಾಲಿ ಬಿಟ್ಟು, ಮಾರನೇ ದಿನ ತುಂಬುತ್ತೇನೆ.

ಸಾಮಾನಿನ ವಿಷಯ. ಎಣ್ಣೆ ಬಣ್ಣ ಏರಿ ಮೇಲೆ ನನಗೆ ಸರಿಹೋಗೋದಿಲ್ಲ, ಒಣಗಲು ದಿನಗಟ್ಟಲೆ ಬೇಕು. ಪೋಸ್ಟರ್ ಕಲರ್ ಬಳಸುತ್ತಿದ್ದೇನೆ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಬಿಳಿ. ಮೋಡಕ್ಕೆ ಬೇಕಾದ ಬೂದು ಬಣ್ಣಗಳೆಲ್ಲ ಮೊದಲೆರಡರ ಮಿಶ್ರಣದಲ್ಲೇ ಸಿಗುತ್ತವೆ. ಕರಿ ಬಣ್ಣದ ಡಬ್ಬಿ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಕಾನ್‌ಸ್ಟೆಬಲ್ ತನ್ನ ಕಾಗದಕ್ಕೆ ಮೊದಲೇ ಕಂದುಗೆಂಪಿನ ಅಸ್ತರಿ ಕೊಡುತ್ತಿದ್ದ. ನಾನೂ ಹಿಂದಿನ ರಾತ್ರಿಯೇ ಕೆಮ್ಮಣ್ಣಿನ ಬಣ್ಣ ಬಳಿದಿಡುತ್ತೇನೆ, ಆದರೆ ಅಕ್ರಿಲಿಕ್‌ನಲ್ಲಿ. ಪೋಸ್ಟರ್ ಕಲರನ್ನೇ ಬಳಿದರೆ ಮೇಲೆ ಒದ್ದೆ ಬ್ರಷ್ ಆಡಿದ ಕೂಡಲೇ ಅದು ಕರಗಿ ಎದ್ದು ಬರುತ್ತದೆ. ಅಕ್ರಿಲಿಕ್ ಒಮ್ಮೆ ಒಣಗಿದರೆ ಅಲ್ಲಾಡೋದಿಲ್ಲ. ನಮ್ಮ ಸೀಮೆಗೆ ಈ ಕೆಂಪು ಹೇಳಿ ಮಾಡಿಸಿದಂತಿದೆ. ಕೆಳಗೆ ಹೊಲ ಬರೆಯುವ ಗೋಜೇ ಇಲ್ಲ, ಕಾಗದವನ್ನು ಹಾಗೇ ಬಿಟ್ಟರೆ ಅದೇ ಹೊಲ.

ಏಪ್ರಿಲ್ ಬಿಸಿಲಿಗೆ ಬಣ್ಣ ತಟ್ಟೆಯಲ್ಲೇ ಗಟ್ಟಿಯಾಗುತ್ತದೆ. ಅದಕ್ಕೆ ಸ್ಟೀಲ್ ಊಟದ ಡಬ್ಬಿಯ ಮುಚ್ಚಳದಲ್ಲಿ ಹಳೇ ಪಂಚೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ನೆನೆಸಿ ಹಾಸುತ್ತೇನೆ. ಅದರ ಮೇಲೆ ಬಟರ್ ಪೇಪರ್, ಪೇಪರಿನ ಮೇಲೆ ಬಣ್ಣ. ಕೆಳಗಿನ ತೇವ ಮೆಲ್ಲಗೆ ಏರಿ ಬಣ್ಣವನ್ನು ಹಸಿಯಾಗಿ ಇಡುತ್ತದೆ. ಇನ್ನೊಂದು ತಲೆನೋವಿದೆ. ಪೋಸ್ಟರ್ ಕಲರ್ ಒಣಗಿದ ಮೇಲೆ ತಿಳಿ ಬಣ್ಣ ತುಸು ಗಾಢವಾಗುತ್ತದೆ, ಗಾಢ ಬಣ್ಣ ತಿಳಿಯಾಗುತ್ತದೆ. ಹಾಳೆಯ ಅಂಚಿನಲ್ಲಿ ಒಂದು ಗೀಟು ಎಳೆದು, ಒಣಗಿಸಿ ನೋಡಿಯೇ ಮುಂದೆ ಹೋಗಬೇಕು.

ಅಶ್ವಿನಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬಿಳಿಚಿಕೊಂಡ ಆಕಾಶ, ಧೂಳು, ಬೆಟ್ಟ ಇದೆಯೋ ಇಲ್ಲವೋ ಅನ್ನುವ ಹಾಗೆ.

ಭರಣಿಯಲ್ಲಿ ಆಟ ಶುರುವಾಯಿತು. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆ. ಚಿತ್ರ ಬರೆಯುವವನಿಗೂ ಅದೇ ಸುಗ್ಗಿ. ಮಧ್ಯಾಹ್ನ ಎರಡರ ಮೇಲೆ ಮೋಡಗಳು ಎದ್ದು ನಿಲ್ಲುತ್ತವೆ, ತಲೆ ಹೂಕೋಸು, ಬುಡ ಮಾತ್ರ ಕೊಯ್ದಿಟ್ಟ ಹಾಗೆ ಸಮತಟ್ಟು. ಮೇಲೇರುವ ಬಿಸಿ ಗಾಳಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ತಣಿದು ಹನಿಗಟ್ಟುವುದರಿಂದ ಬುಡಗಳೆಲ್ಲ ಒಂದೇ ಮಟ್ಟಕ್ಕೆ ಬರುತ್ತವೆ. ಇದು ತಲೆಗೆ ಹೋದ ಮೇಲೆ ಆಕಾಶಕ್ಕೆ ಆಳ ಬಂತು. ನೆತ್ತಿಯ ಹತ್ತಿರದ ಮೋಡದ ಹೊಟ್ಟೆ ಅಗಲ, ಬೆಟ್ಟದ ಹತ್ತಿರದ್ದು ಬರೀ ಒಂದು ಗೆರೆ. ಮೋಡದ ಆ ಹೊಟ್ಟೆಯನ್ನು ಸುಮ್ನೆ ಬೂದು ಅಂದುಕೊಳ್ಳಬೇಡಿ. ದಿಟ್ಟಿಸಿದರೆ ನೇರಳೆ, ಅದರೊಳಗೆ ಸಣ್ಣ ಕೆಂಪು. ಅಲ್ಲಿ ಬಣ್ಣ ತೆಳ್ಳಗೆ ಸವರಿ ಅಡಿಯ ಅಸ್ತರಿಯನ್ನೇ ಇಣುಕಲು ಬಿಡುತ್ತೇನೆ.

ಒಂದು ಸಂಜೆ ದ್ರಾಕ್ಷಿ ತೋಟದವರೊಬ್ಬರು ಮೊಪೆಡ್ ನಿಲ್ಲಿಸಿ ಬಂದರು.

"ಏನ್ ಸಾರ್, ಬರೀ ಮೋಡಾನೇ ಬರ್ದಿದ್ದೀರಾ? ನಂದಿ ಬರೀರಿ, ಜನ ಕೊಂಡ್ಕೊಳ್ತಾರೆ."

"ಮಾರೋಕಲ್ಲ ಅಣ್ಣ," ಅಂದು ಹಾಳೆಗಳನ್ನು ಕೈಗೆ ಕೊಟ್ಟೆ. ಅವರು ಚಿತ್ರಗಳನ್ನು ಸರಸರ ದಾಟಿಸಿ ಹಿಂಬದಿಯನ್ನೇ ಓದುತ್ತಾ ನಿಂತರು. "ಇವತ್ತಿಂದ್ರಲ್ಲಿ ಆಲಿಕಲ್ಲು ಬರ್ದಿಲ್ವಲ್ಲ? ನಮ್ ತೋಟಕ್ಕೆ ಬಿತ್ತು, ಗೊನೆ ಎಲ್ಲಾ ಹೊಡ್ದೋಯ್ತು." ಏರಿ ಮೇಲೆ ಅವತ್ತು ನಾಲ್ಕು ಹನಿ ಬಿದ್ದಿತ್ತು, ಅಷ್ಟೇ. ಅವರ ಮಾತನ್ನೂ ಅಲ್ಲೇ ಬರೆದುಕೊಂಡೆ. ಈಗ ಅವರು ಸಿಕ್ಕಾಗಲೆಲ್ಲ ತೋಟದ ಮಳೆಯ ವರದಿ ಒಪ್ಪಿಸುತ್ತಾರೆ. 'ಆಮೇಲೆ' ಜಾಗ ಸಾಲುತ್ತಿಲ್ಲ.

ಕೃತ್ತಿಕೆ, ರೋಹಿಣಿಯಲ್ಲಿ ಮಳೆ ಬಿಟ್ಟು ಬಿಟ್ಟು ಬಂತು. ಮಳೆ ಹೊಯ್ದು ಹೋದ ಮೇಲೆ ಕಳವಾರದ ಬೆಟ್ಟ ನಡೆದು ಬಂದು ಎದುರಿಗೆ ಕೂರುತ್ತದೆ. ಧೂಳು ತೊಳೆದಿರುತ್ತದಲ್ವಾ, ಬಂಡೆ ಬಂಡೆಯೂ ಬೇರೆ ಬೇರೆ ಕಾಣುತ್ತದೆ. ಕೆರೆಯಲ್ಲಿ ನೀರಿರುವುದರಿಂದ ಆಕಾಶ ಎರಡು ಸಲ ಬರೆಯಬೇಕು. ನೀರಿನ ಆಕಾಶ ಮೇಲಿನದಕ್ಕಿಂತ ಒಂದು ಮೆಟ್ಟಿಲು ಮಬ್ಬು.

ಮೃಗಶಿರಾ ಹುಟ್ಟುತ್ತಲೇ ಪಡುವಣ ಗಾಳಿ. ಹಾಳೆಗೆ ನಾಲ್ಕೂ ಕಡೆ ಕ್ಲಿಪ್ ಹಾಕಿದರೂ ಪಟಪಟ ಅನ್ನುತ್ತದೆ. ಹರಿದ ಮೋಡಗಳು ತಗ್ಗಿನಲ್ಲಿ ಓಡುತ್ತವೆ, ಸುರಿಯೋದಿಲ್ಲ. ನೀರನ್ನೆಲ್ಲ ಘಟ್ಟಕ್ಕೆ ಕೊಟ್ಟು ಬಂದಿರುತ್ತವೆ. ನಮ್ಮ ಕಡೆ ಜಾಸ್ತಿ ಮಳೆ ಏನಿದ್ದರೂ ಶ್ರಾವಣದ ಮೇಲೆ.

ಮೊನ್ನೆ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ, ತಾರೀಖು ಬಿಟ್ಟು ಗಾಳಿಯ ದಿಕ್ಕಿನ ಪ್ರಕಾರ ಜೋಡಿಸಿದೆ. ಬೆಟ್ಟದ ಬಣ್ಣ ತನ್ನಷ್ಟಕ್ಕೇ ಗುಂಪಾಯಿತು. ಗಾಳಿ ಇಲ್ಲದ ದಿನಗಳ ಬೆಟ್ಟ ಬಿಳಿನೀಲಿ, ಪಡುವಣ ಗಾಳಿಯದ್ದು ಕಪ್ಪುಹಸಿರು, ಮಳೆ ನಿಂತ ಮೇಲಿನದ್ದು ಕಂದು. ನಾನು ಬೆಟ್ಟದ ಬಣ್ಣ ಅಂದುಕೊಂಡು ಬೆರೆಸುತ್ತಿದ್ದದ್ದು ನಡುವಿನ ಗಾಳಿಯ ಬಣ್ಣ. ಹಿಂಬದಿಯ ಬರಹ ಇಲ್ಲದಿದ್ದರೆ ಇದು ಹೊಳೆಯುತ್ತಿರಲಿಲ್ಲ. ಕಾನ್‌ಸ್ಟೆಬಲ್‌ನ ಟಿಪ್ಪಣಿಗಳನ್ನು ಆಗಿನ ಲಂಡನ್ನಿನ ಹವಾಮಾನ ದಾಖಲೆಗಳ ಪಕ್ಕ ಇಟ್ಟು ನೋಡಿದವರಿದ್ದಾರೆ, ಚೆನ್ನಾಗಿಯೇ ತಾಳೆಯಾಗುತ್ತವಂತೆ.

ನಮ್ಮ ಕಡೆಯವರ ಹೆಸರನ್ನೂ ಹೇಳಬೇಕು. ರುಮಾಲೆ ಚನ್ನಬಸವಯ್ಯನವರು 1910ರಲ್ಲಿ ಹುಟ್ಟಿದ್ದು ಪಕ್ಕದ ದೊಡ್ಡಬಳ್ಳಾಪುರದಲ್ಲಿ. ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲು ಕಂಡು, ಆಮೇಲೆ ಬ್ರಷ್‌ಗೆ ಮರಳಿದವರು. ಬಯಲಲ್ಲೇ ನಿಂತು ಬರೆಯುತ್ತಿದ್ದರು. ಅವರ ಹೂಬಿಟ್ಟ ಮರಗಳ ಮುಂದೆ ನನ್ನ ನಾಲ್ಕು ಬಣ್ಣ ಬಡವಾಗಿ ಕಾಣುತ್ತವೆ. ಇರಲಿ, ಮೋಡಕ್ಕೆ ಅಷ್ಟು ಸಾಕು.

ಇನ್ನು ದೊಡ್ಡ ಚಿತ್ರ. ಕಾನ್‌ಸ್ಟೆಬಲ್ ಆರು ಅಡಿಯ ಚಿತ್ರಗಳನ್ನು ಲಂಡನ್ನಿನಲ್ಲಿ, ಕೋಣೆಯೊಳಗೆ ಮಾಡುತ್ತಿದ್ದ. ಮೊದಲು ಅಷ್ಟೇ ಅಳತೆಯ ಕರಡು, ಆಮೇಲೆ ಅಸಲು. 1821ರ 'ಹೇ ವೇನ್' ಹಾಗೆ ಆದದ್ದು. 1824ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಚಿನ್ನದ ಪದಕ ಬಂತು, ಆದರೆ ಅವನ ದೇಶದ್ದೇ ಆದ ಲಂಡನ್ನಿನ ರಾಯಲ್ ಅಕಾಡೆಮಿ ಪೂರ್ತಿ ಸದಸ್ಯತ್ವ ಕೊಟ್ಟದ್ದು 1829ರಲ್ಲಿ, ಅದೂ ಒಂದೇ ಮತದ ಅಂತರದಲ್ಲಿ. ನಾನು ಪರದೆ ಮೇಲೆ ನೋಡಿದವನು, ಆದರೂ ಹೇಳುತ್ತೇನೆ, ನನಗೆ ಕರಡೇ ಇಷ್ಟ. ಅಸಲಿನಲ್ಲಿ ಒಪ್ಪ ಜಾಸ್ತಿಯಾಯಿತು.

ನನ್ನ ಹಲಗೆ ಮೇಲೆ ಈಗ 22 ಇಂಚಿಗೆ 15ರ ಅರ್ಧ ಶೀಟ್ ಅಂಟಿಸಿದೆ. ಭರಣಿಯ ಒಂದು ಸಣ್ಣ ಹಾಳೆಯಿಂದ ಆಕಾಶ ಎತ್ತಿಕೊಂಡಿದ್ದೇನೆ. ಬೆಟ್ಟವನ್ನೂ ಅದೇ ಹೊತ್ತಿನ, ಅದೇ ಗಾಳಿಯ ಹಾಳೆಯಿಂದಲೇ ತಗೋಬೇಕು ಅನ್ನೋದು ಕಟ್ಟಪ್ಪಣೆ. ಆಕಾಶ ಮುಕ್ಕಾಲು ಪಾಲು ಆಗಿದೆ. ಏರಿಯ ಕರೆಂಟ್ ಕಂಬಗಳು ಇರುತ್ತವೆ. ಹುಣಸೆ ಮರ ಬಿಟ್ಟಿದ್ದೇನೆ, ಅದು ಬಂದರೆ ನೋಡುವವರೆಲ್ಲ ಮರವನ್ನೇ ನೋಡುತ್ತಾರೆ.