ಗ್ರಿಡ್ಲಿಯ ಹಳಿ ಪಕ್ಕ

ಇಲಿನಾಯ್‌ನ ಪಿಯೋರಿಯಾದಲ್ಲಿ ಮಗನ ಮನೆಯಲ್ಲಿ ಎರಡು ತಿಂಗಳಿದ್ದೆ. ಷಿಕಾಗೊ, ನಯಾಗರಾ ಎಲ್ಲ ಆಯಿತು, ಫೋಟೊಗಳು ವಾಟ್ಸಾಪಿನಲ್ಲಿವೆ. ಬರೆಯಬೇಕೆನಿಸಿದ್ದು 24ನೇ ನಂಬರಿನ ಹೆದ್ದಾರಿಯ ಪಕ್ಕದ ಒಂದು ಗೂಡ್ಸ್ ಲೈನಿನ ಬಗ್ಗೆ. ಹುಬ್ಬಳ್ಳಿಯಲ್ಲಿ ಗಾರ್ಡ್ ಆಗಿ ರಿಟೈರ್ ಆದವನಿಗೆ ಹಳಿ ಕಂಡರೆ ಸುಮ್ಮನೆ ಕೂರಲಾಗುವುದಿಲ್ಲ.

ಟೊಲೆಡೊ, ಪಿಯೋರಿಯಾ ಆ್ಯಂಡ್ ವೆಸ್ಟರ್ನ್ ಅಂತ ಹೆಸರು. ದಿವಾಳಿಯೆದ್ದಿದ್ದ ಇದನ್ನು 1926ರಲ್ಲಿ ಹರಾಜಿನಲ್ಲಿ ಕೊಂಡು ತಾನೇ ಪ್ರೆಸಿಡೆಂಟ್ ಆದವನು ಜಾರ್ಜ್ ಮೆಕ್‌ನಿಯರ್. ಷಿಕಾಗೊ ಯಾರ್ಡುಗಳ ನೂಕುನುಗ್ಗಲಿಗೆ ಸಿಗದಂತೆ ಪಶ್ಚಿಮದ ಸಾಂತಾ ಫೆ ರೈಲ್ವೆಯ ಮಾಲನ್ನು ನೇರ ಪೂರ್ವದ ಪೆನ್ಸಿಲ್ವೇನಿಯಾ ರೈಲ್ವೆಗೆ ದಾಟಿಸಿ ಕಂಪನಿಯನ್ನು ಎತ್ತಿ ನಿಲ್ಲಿಸಿದ. ಈ ಬುದ್ಧಿಗೆ ನನ್ನದೂ ಒಂದು ಸಲಾಮು. ಆದರೆ ಸಂಬಳ ಇನ್ನು ಗಂಟೆ ಲೆಕ್ಕದಲ್ಲೇ, ಯೂನಿಯನ್ನಿನ ಹಳೇ ನಿಯಮಗಳೆಲ್ಲ ರದ್ದು ಎಂದು ಪಟ್ಟು ಹಿಡಿದ. 1941ರ ಡಿಸೆಂಬರಿನಲ್ಲಿ ಮುಷ್ಕರ. ಯುದ್ಧಕಾಲ, ಇವನು ಮಧ್ಯಸ್ಥಿಕೆಗೂ ಒಪ್ಪಲಿಲ್ಲವೆಂದು 1942ರ ಮಾರ್ಚಿನಲ್ಲಿ ರೂಸ್‌ವೆಲ್ಟ್ ಸರ್ಕಾರ ಲೈನನ್ನೇ ವಶಕ್ಕೆ ತಗೊಂಡಿತು. 1945ರಲ್ಲಿ ವಾಪಸು ಸಿಕ್ಕಿತು, ಜಗಳವೂ ಮತ್ತೆ ಶುರುವಾಯಿತು. 1946ರ ಫೆಬ್ರುವರಿ 6ರಂದು ಇದೇ ಲೈನಿನ ಗ್ರಿಡ್ಲಿ ಎಂಬ ಊರಿನಲ್ಲಿ ಕಂಪನಿಯ ಕಾವಲುಗಾರರ ಗುಂಡಿಗೆ ಇಬ್ಬರು ಮುಷ್ಕರನಿರತರು ಸತ್ತರು.

ಆ ಗ್ರಿಡ್ಲಿ ನೋಡಲೆಂದೇ ಒಂದು ಭಾನುವಾರ ಹೊರಟೆವು. ಇಕ್ಕೆಲದಲ್ಲೂ ಮೆಕ್ಕೆಜೋಳ, ಸೋಯಾ, ಮೆಕ್ಕೆಜೋಳ. ದಾರಿಯಲ್ಲಿ ಊಟ ಸಿಗುತ್ತೆ ಎಂದ ಮಗನನ್ನು ನಂಬಿ ಕೆಟ್ಟೆ. ನಾವು ನೋಡಿದ ಎರಡು ಹೋಟೆಲಿಗೂ ಬೀಗ, ಮಧ್ಯಾಹ್ನವೆಲ್ಲ ಚಿಪ್ಸ್. ಈ ಕಡೆ ಹೋಗುವವರು ಚಿತ್ರಾನ್ನವನ್ನಾದರೂ ಕಟ್ಟಿಕೊಳ್ಳಿ.

ಗ್ರಿಡ್ಲಿಯಲ್ಲಿ ಕಂಡದ್ದು ಆಕಾಶದೆತ್ತರದ ಧಾನ್ಯದ ಕಣಜ, ಅದರ ಬುಡದಲ್ಲಿ ಒಂಟಿ ಹಳಿ, ಜಲ್ಲಿಯ ನಡುವೆ ಉದುರಿದ ಮೆಕ್ಕೆಜೋಳದ ಕಾಳು, ಪಾರಿವಾಳ. ನಾಯಿ ಹಿಡಿದುಕೊಂಡು ಬಂದ ಮುದುಕರೊಬ್ಬರು ಏನು ಹುಡುಕುತ್ತಿದ್ದೀರಿ ಎಂದರು. ಹೇಳಿದೆ. ನಾಯಿಯ ಹಗ್ಗ ಕೈಗೆ ಸುತ್ತಿಕೊಂಡು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

"ನಾನಾಗ ಎರಡನೇ ಕ್ಲಾಸು. ನಮ್ಮಪ್ಪ ಮುಷ್ಕರ ಮುರಿದು ಡ್ಯೂಟಿಗೆ ಹೋದವನು."

ನನಗೆ ಮಾತು ಸಿಗಲಿಲ್ಲ. 1974ರ ನಮ್ಮ ರೈಲ್ವೆ ಮುಷ್ಕರದಲ್ಲಿ ನಮ್ಮಪ್ಪ ಇಪ್ಪತ್ತು ದಿನ ಡ್ಯೂಟಿಗೆ ಹೋಗದೆ ಕೂತವರು. ಡ್ಯೂಟಿಗೆ ಹೋದ ಪಕ್ಕದ ಕ್ವಾರ್ಟರ್ಸಿನವರ ಜೊತೆ ಅಮ್ಮ ಆಮೇಲೂ ಮಾತಾಡಲಿಲ್ಲ.

"ಮೆಕ್‌ನಿಯರ್ ಸತ್ತಾಗ?" ಎಂದೆ. 1947ರ ಮಾರ್ಚ್ 10ರ ರಾತ್ರಿ ಪಿಯೋರಿಯಾದಲ್ಲಿ ನಡೆದುಕೊಂಡು ಮನೆಗೆ ಹೋಗುತ್ತಿದ್ದವನನ್ನು ಯಾರೋ ಗುಂಡಿಟ್ಟು ಕೊಂದರು. ಕೊಂದವರು ಇವತ್ತಿಗೂ ಸಿಕ್ಕಿಲ್ಲ.

"ಅಪ್ಪ ಒಂದು ಮಾತೂ ಆಡಲಿಲ್ಲ. ಮಾರನೇ ದಿನ ಹಿತ್ತಿಲ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದ."

ನಮ್ಮಪ್ಪನ ಸುದ್ದಿ ನಾನು ಎತ್ತಲಿಲ್ಲ. ಅಷ್ಟರಲ್ಲಿ ನಾಯಿ ಹಗ್ಗ ಎಳೆಯತೊಡಗಿತು.