ಕರೆಂಟ್ ಬಿಲ್ ಜೊತೆ ಇಪ್ಪತ್ತು ವಾರ: ನಮ್ಮ ಮರಗೆಲಸದ ಶೆಡ್‌ನ ಲಾಗ್

ವಾರ 1

ನಮ್ಮದು ಎಂಟು ಜನ ಕೆಲಸ ಮಾಡುವ ಮರಗೆಲಸದ ಶೆಡ್. ಕರೆಂಟ್ ಬಿಲ್ ಬಂದರೆ ಕೊನೆಯ ಸಾಲಿನ ಮೊತ್ತ ನೋಡಿ ಕಟ್ಟಿಬಿಡುವುದು, ಇಷ್ಟೇ ಇಲ್ಲಿಯವರೆಗಿನ ಲೆಕ್ಕ. ಈಗ ವಿದ್ಯುತ್ ಪೂರೈಕೆಯ ಕರಾರು ಮುಗಿಯಲು ಐದು ತಿಂಗಳಿದೆ. ಹಿಂದಿನ ಸಲ ಬಿದ್ದ ಪೆಟ್ಟು ಇನ್ನೂ ನೆನಪಿದೆ. ಕರಾರು ಬೇಡವಾದರೆ ಅವಧಿ ಮುಗಿಯುವ 60 ದಿನ ಮೊದಲೇ ಬರೆದು ತಿಳಿಸಬೇಕಿತ್ತು. ನಾವು 11 ದಿನ ತಡ ಮಾಡಿದೆವು. ಕರಾರು ತಾನಾಗಿ ಇನ್ನೊಂದು ವರ್ಷ ಮುಂದುವರಿಯಿತು, ಅದೂ ಜಾಸ್ತಿ ದರದಲ್ಲಿ.

ಹಾಗಾಗಿ ಮೊದಲ ಕೆಲಸ ಕ್ಯಾಲೆಂಡರ್. ಮುಗಿಯುವ ದಿನದಿಂದ 120, 90, 60 ದಿನ ಹಿಂದಕ್ಕೆ ಎಣಿಸಿ ಗುರುತು ಹಾಕಿದೆ. ಗೋಡೆಯ ಮೇಲೆ ಒಂದು, ನನ್ನ ಫೋನ್‌ನಲ್ಲಿ ಒಂದು, ಪಾಲುದಾರರ ಫೋನ್‌ನಲ್ಲಿ ಒಂದು. ಇಷ್ಟು ಮಾಡಲು ಹತ್ತು ನಿಮಿಷ ಸಾಕಾಯಿತು.

ಆಮೇಲೆ 12 ತಿಂಗಳ ಬಿಲ್‌ಗಳನ್ನು ಹುಡುಕಿ ತೆಗೆದು, ಪ್ರತಿ ಸಾಲನ್ನೂ ಶೀಟ್‌ಗೆ ಇಳಿಸಿದೆ. ತಿಂಗಳಿಗೆ ಸರಾಸರಿ 4,200 ಯೂನಿಟ್. ಒಂದು ಯೂನಿಟ್ ಅಂದರೆ 1,000 ವಾಟ್‌ನ ಯಂತ್ರ ಒಂದು ಗಂಟೆ ಓಡಿದಷ್ಟು. ಆದರೆ ಯೂನಿಟ್‌ಗೆ ಕೊಡುತ್ತಿದ್ದದ್ದು ಬಿಲ್‌ನ 61% ಮಾತ್ರ. ಉಳಿದದ್ದು ಡಿಮ್ಯಾಂಡ್ ಶುಲ್ಕ, ನಿಗದಿತ ಶುಲ್ಕ, ಪವರ್ ಫ್ಯಾಕ್ಟರ್ ದಂಡ, ತೆರಿಗೆ. (ಡಿಮ್ಯಾಂಡ್, ಪವರ್ ಫ್ಯಾಕ್ಟರ್ ಅಂದರೇನು ಅಂತ ಮುಂದೆ ಹೇಳುತ್ತೇನೆ.) ಕಮ್ಮಿ ದರದ ಕಂಪನಿ ಹುಡುಕಿದರೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ದರ ಎಷ್ಟೇ ಇಳಿದರೂ ಈ 39%ರ ಬಹುಪಾಲು ಹಾಗೇ ಉಳಿಯುತ್ತದೆ, ಅಲ್ವಾ?

ವಾರ 2

ಸಂಜೆ ಬಾಗಿಲು ಹಾಕುವಾಗ ಒಂದು ರೀಡಿಂಗ್, ಬೆಳಗ್ಗೆ ತೆರೆದ ಕೂಡಲೇ ಇನ್ನೊಂದು. ಮೊದಲ ರಾತ್ರಿ ವ್ಯತ್ಯಾಸ 1.8 ಬಂತು. ಎರಡು ಯೂನಿಟ್ ಕೂಡ ಇಲ್ಲವಲ್ಲ ಅಂತ ಸಮಾಧಾನವಾಯಿತು. ಎಲೆಕ್ಟ್ರಿಷಿಯನ್‌ಗೆ ಹೇಳಿದಾಗ ಅವರು ಮೀಟರ್ ಪಕ್ಕದ ಚೀಟಿ ತೋರಿಸಿದರು. ನಮ್ಮ ಮೀಟರ್‌ಗೆ ಕರೆಂಟ್ ನೇರವಾಗಿ ಹೋಗುವುದಿಲ್ಲ, 100/5 ಅನುಪಾತದ ಸಿಟಿ (ಕರೆಂಟನ್ನು ಆ ಅನುಪಾತದಲ್ಲಿ ಇಳಿಸಿ ಮೀಟರ್‌ಗೆ ಕೊಡುವ ಟ್ರಾನ್ಸ್‌ಫಾರ್ಮರ್) ಮೂಲಕ ಹೋಗುತ್ತದೆ. ಅಂದರೆ ರೀಡಿಂಗ್ ಅನ್ನು 20ರಿಂದ ಗುಣಿಸಬೇಕು. 1.8 ಅಲ್ಲ, 36 ಯೂನಿಟ್! ನಿಮ್ಮಲ್ಲೂ ಸಿಟಿ ಮೀಟರ್ ಇದ್ದರೆ ಈ ಗುಣಕವನ್ನು ಬಿಲ್‌ನಲ್ಲಿರುವ ಗುಣಕದ ಜೊತೆ ಒಮ್ಮೆ ಹೋಲಿಸಿ ನೋಡಿ. ಅಲ್ಲಿ ತಪ್ಪಿದ್ದರೆ ಇಡೀ ಬಿಲ್ ತಪ್ಪು.

ಯಾರೂ ಇಲ್ಲದ 13 ಗಂಟೆಯಲ್ಲಿ 36 ಯೂನಿಟ್. ಸರಾಸರಿ 2.8 ಕಿಲೋವಾಟ್. ಇಡೀ ರಾತ್ರಿ ಮೂರು ಇಸ್ತ್ರಿಪೆಟ್ಟಿಗೆ ಉರಿದ ಹಾಗೆ. ಏನು ಓಡುತ್ತಿದೆ ಅಂತ ನೋಡಲು ಒಂದು ರಾತ್ರಿ ಶೆಡ್‌ನಲ್ಲೇ ಕುಳಿತೆ. ಹುಡುಕಬೇಕಾಗಿಯೇ ಬರಲಿಲ್ಲ. ಉಪಕರಣಗಳಿಗೆ ಒತ್ತಡದ ಗಾಳಿ ಕೊಡುವ ಕಂಪ್ರೆಸರ್ ನಾಲ್ಕೈದು ನಿಮಿಷಕ್ಕೊಮ್ಮೆ ತಾನೇ ಶುರುವಾಗುತ್ತಿತ್ತು. ಗಾಳಿ ಬಳಸುವವರು ಯಾರೂ ಇಲ್ಲ. ಎಲ್ಲಾ ಸೋರಿಕೆ.

ಸೋರಿಕೆ ಅಳೆಯಲು ವಾಚ್ ಒಂದು ಸಾಕು. ಯಾವ ಉಪಕರಣವೂ ಗಾಳಿ ಬಳಸದಿರುವಾಗ ಕಂಪ್ರೆಸರ್ ಎಷ್ಟು ಸೆಕೆಂಡ್ ಓಡಿತು, ಎಷ್ಟು ಸೆಕೆಂಡ್ ನಿಂತಿತು ಅಂತ ಬರೆದುಕೊಳ್ಳಿ. ನಮ್ಮದು 110 ಸೆಕೆಂಡ್ ಓಡಿ 165 ಸೆಕೆಂಡ್ ನಿಲ್ಲುತ್ತಿತ್ತು. 110 ÷ 275 = 40%. ಕಂಪ್ರೆಸರ್ 5.5 ಕಿಲೋವಾಟ್‌ನದು. ಅದರ 40% ಅಂದರೆ 2.2 ಕಿಲೋವಾಟ್, ಹಗಲೂ ರಾತ್ರಿ ಗಾಳಿಗೆ.

ವಾರ 3

ಸಂಜೆ ಕಂಪ್ರೆಸರ್ ಆಫ್ ಮಾಡಿ ಹೋಗಲು ಶುರುಮಾಡಿದೆವು. ರಾತ್ರಿಯ ಲೆಕ್ಕ 36ರಿಂದ 7 ಯೂನಿಟ್‌ಗೆ ಇಳಿಯಿತು. ಉಳಿದ 7 ಹೊರಗಿನ ದೀಪ, ಕ್ಯಾಮೆರಾ, ರೌಟರ್, ಒಂದೆರಡು ಚಾರ್ಜರ್. ಅದರ ಹಿಂದೆ ಬೀಳುವುದಿಲ್ಲ. ತಿಂಗಳಲ್ಲಿ ಶೆಡ್ ಮುಚ್ಚಿರುವುದು ಸುಮಾರು 434 ಗಂಟೆ. ಹಾಗೆ ನೋಡಿದರೆ ಒಂದು ಸ್ವಿಚ್‌ನಿಂದ ತಿಂಗಳಿಗೆ ಹತ್ತಿರ ಹತ್ತಿರ 950 ಯೂನಿಟ್ ಉಳಿಯಿತು. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ವಾರ 6

ಹೊಸ ಬಿಲ್ ಬಂತು. ಯೂನಿಟ್ 3,250ಕ್ಕೆ ಇಳಿದಿದೆ. ಆದರೆ ಗರಿಷ್ಠ ಡಿಮ್ಯಾಂಡ್ 38 ಕೆವಿಎ ಇದ್ದದ್ದು 40 ಆಗಿದೆ. ಕೆವಿಎ ಅಂದರೆ ತಂತಿಯಿಂದ ನಾವು ಎಳೆಯುವ ಒಟ್ಟು ವಿದ್ಯುತ್ತಿನ ಅಳತೆ; ಅದರಲ್ಲಿ ನಿಜವಾದ ಕೆಲಸಕ್ಕೆ ಹೋಗುವ ಭಾಗ ಕಿಲೋವಾಟ್.

ಡಿಮ್ಯಾಂಡ್ ಅಂದರೇನು ಅಂತ ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಾನು ಇದನ್ನು ವರ್ಷಗಟ್ಟಲೆ ತಪ್ಪಾಗಿ ತಿಳಿದಿದ್ದೆ. ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಆರೇಳು ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕೇ ದಂಡ ಬೀಳುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಮೀಟರ್ ದಿನವನ್ನು 15 ಅಥವಾ 30 ನಿಮಿಷದ ತುಂಡುಗಳಾಗಿ ಮಾಡಿಕೊಳ್ಳುತ್ತದೆ. ಪ್ರತಿ ತುಂಡಿನ ಸರಾಸರಿ ತೆಗೆಯುತ್ತದೆ. ಇಡೀ ತಿಂಗಳಲ್ಲಿ ಯಾವ ತುಂಡು ಎಲ್ಲಕ್ಕಿಂತ ಎತ್ತರವೋ ಅದರ ಮೇಲೆ ಶುಲ್ಕ. ಮೋಟಾರ್‌ನ ಆ ಮೊದಲ ಕೆಲವು ಸೆಕೆಂಡ್ 15 ನಿಮಿಷದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಲೆಕ್ಕಕ್ಕೆ ಬರುವುದು ಎಲ್ಲಾ ಯಂತ್ರ ಒಟ್ಟಿಗೆ ಓಡಿದ ಆ ಕಾಲು ಗಂಟೆ.

ಈ ಶುಲ್ಕ ಅನ್ಯಾಯ ಅಂತ ಮೊದಲು ಅನಿಸಿತ್ತು. ಈಗ ಅನಿಸುವುದಿಲ್ಲ. ಜಾನ್ ಹಾಪ್ಕಿನ್ಸನ್ ಎಂಬ ಇಂಗ್ಲಿಷ್ ಎಂಜಿನಿಯರ್ 1892ರಲ್ಲೇ ಇದನ್ನು ವಿವರಿಸಿದ್ದರು. ಗ್ರಾಹಕ ಯಾವಾಗ ಬೇಕಾದರೂ ಸ್ವಿಚ್ ಹಾಕಬಹುದು. ಅದಕ್ಕೆ ಬೇಕಾದ ಜನರೇಟರ್, ತಂತಿ ಎಲ್ಲವನ್ನೂ ಸದಾ ಸಿದ್ಧವಾಗಿ ಇಡಬೇಕು. ಆ ಖರ್ಚು ಬೇರೆ, ನಿಜವಾಗಿ ಬಳಸಿದ ಕರೆಂಟಿನ ಖರ್ಚು ಬೇರೆ. ನಮ್ಮ ಶೆಡ್ ಲೆಕ್ಕ ಹಾಕಿ ನೋಡಿದೆ. 38 ಕೆವಿಎ ಅಂದರೆ ಸುಮಾರು 30 ಕಿಲೋವಾಟ್. ಇಡೀ ತಿಂಗಳು ಅಷ್ಟೇ ಎಳೆದರೆ 21,600 ಯೂನಿಟ್ ಆಗುತ್ತಿತ್ತು. ನಾವು ಬಳಸಿದ್ದು 4,200, ಅಂದರೆ 19%. ಉಳಿದ ಹೊತ್ತೆಲ್ಲ ಆ ತಂತಿ ನಮಗಾಗಿ ಸುಮ್ನೆ ಕಾಯುತ್ತಿತ್ತು.

ಪೂರೈಕೆ ಕಂಪನಿಯಿಂದ 15 ನಿಮಿಷದ ಡೇಟಾ ತರಿಸಿಕೊಂಡೆ. ಕೇಳಿದರೆ ಕೊಟ್ಟರು, ದುಡ್ಡೇನೂ ಆಗಲಿಲ್ಲ. ಗ್ರಾಫ್ ಹಾಕಿದಾಗ ಬೆಳಗ್ಗೆ 9:15ರಿಂದ 9:30ರವರೆಗೆ ಒಂದು ಚೂಪು ಶಿಖರ. ನಡೆಯುತ್ತಿದ್ದದ್ದು ಹೀಗೆ. ರಾತ್ರಿ ಆಫ್ ಮಾಡಿದ್ದರಿಂದ ಕಂಪ್ರೆಸರ್ ಟ್ಯಾಂಕೂ ಪೈಪೂ ಖಾಲಿ. ಬೆಳಗ್ಗೆ ಅದು ಪೂರ್ತಿ ಲೋಡ್‌ನಲ್ಲಿ ಗಾಳಿ ತುಂಬುತ್ತಿತ್ತು. ಅದೇ ಹೊತ್ತಿಗೆ ಒಣಗಿಸುವ ಕೋಣೆಯ 9 ಕಿಲೋವಾಟ್ ಹೀಟರ್, ಧೂಳು ಎಳೆಯುವ 7.5 ಕಿಲೋವಾಟ್ ಫ್ಯಾನ್, ಸಿಎನ್‌ಸಿಯ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರದ) ವ್ಯಾಕ್ಯೂಮ್ ಪಂಪ್, ಎಲ್ಲಾ ಆನ್. ಒಂದು ಕಡೆ ಉಳಿಸಿದ್ದರಲ್ಲಿ ಸ್ವಲ್ಪ ಇನ್ನೊಂದು ಕಡೆ ಸೋರಿಹೋಗಿತ್ತು.

ವಾರ 7

ಎರಡು ಬದಲಾವಣೆ ಮಾಡಿದೆವು. ಸಂಜೆ ಕಂಪ್ರೆಸರ್ ಆಫ್ ಮಾಡುವುದರ ಜೊತೆಗೆ ಟ್ಯಾಂಕ್‌ನ ಹೊರಬಾಯಿಯ ವಾಲ್ವ್ ಕೂಡ ಮುಚ್ಚುತ್ತೇವೆ. ಗಾಳಿ ಟ್ಯಾಂಕ್‌ನಲ್ಲೇ ಉಳಿಯುತ್ತದೆ. ಹೀಟರ್‌ಗೆ ಟೈಮರ್ ಹಾಕಿ ಬೆಳಗ್ಗೆ 7:30ಕ್ಕೆ ಶುರುಮಾಡಿಸಿದೆವು. ಒಂಬತ್ತಕ್ಕೆ ಅದರ ಕೆಲಸ ಮುಗಿದಿರುತ್ತದೆ. ಸ್ವಿಚ್‌ಬೋರ್ಡ್ ಪಕ್ಕ ಒಂದು ಹಾಳೆ ಅಂಟಿಸಿದ್ದೇನೆ: ಯಾವುದು ಮೊದಲು, ಯಾವುದು ಆಮೇಲೆ, ಯಾವ ಎರಡು ಒಟ್ಟಿಗೆ ಬೇಡ. ಆ ಹಾಳೆ ಬರೆದದ್ದು ನಾನಲ್ಲ, ಯಂತ್ರಗಳ ಮುಂದೆ ನಿಲ್ಲುವವರೇ ಕೂತು ಬರೆದರು. ನಾನು ಬರೆದಿದ್ದರೆ ಹೀಟರ್ ಮತ್ತು ಫ್ಯಾನ್ ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ. ವ್ಯಾಕ್ಯೂಮ್ ಪಂಪ್ ಅನ್ನು ಕೆಲಸದ ನಡುವೆ ನಿಲ್ಲಿಸಬಹುದು ಅಂತ ಹೇಳಿದ್ದು ಅವರು.

ಆ ಶನಿವಾರ ಸೋಪು ನೀರು ಹಿಡಿದು ಸೋರಿಕೆ ಹುಡುಕಿದೆವು. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್‌ನ ಒಂದೇ ತೂತು ಇದ್ದರೂ ಅಲ್ಲಿ ಸೋರುವ ಗಾಳಿಯನ್ನು ಮತ್ತೆ ತುಂಬಿಸಲು ಮೂರು ಕಿಲೋವಾಟ್‌ಗಿಂತ ಜಾಸ್ತಿ ಬೇಕು. ನಮ್ಮಲ್ಲಿ ಅಷ್ಟು ದೊಡ್ಡದು ಇರಲಿಲ್ಲ. ಹದಿನಾಲ್ಕು ಸಣ್ಣವು ಸಿಕ್ಕವು. ಹೆಚ್ಚಿನವು ಗಾಳಿಯ ಪೈಪ್ ಜೋಡಿಸುವ ಕ್ವಿಕ್ ಕಪ್ಲಿಂಗ್‌ಗಳಲ್ಲಿ, ಒಂದು ಡ್ರೈನ್ ವಾಲ್ವ್‌ನಲ್ಲಿ. ಹನ್ನೆರಡು ಸರಿಯಾದವು. ಈಗ ಕಂಪ್ರೆಸರ್ 25 ಸೆಕೆಂಡ್ ಓಡಿ 225 ಸೆಕೆಂಡ್ ನಿಲ್ಲುತ್ತದೆ. 10%. ಒತ್ತಡವನ್ನೂ 8ರಿಂದ 7 ಬಾರ್‌ಗೆ ಇಳಿಸಿದೆವು. ಈ ಮಟ್ಟದಲ್ಲಿ ಒಂದು ಬಾರ್ ಇಳಿಸಿದರೆ ಕಂಪ್ರೆಸರ್‌ನ ಖರ್ಚು ಸುಮಾರು 6–7% ಕಡಿಮೆಯಾಗುತ್ತದೆ. ಸ್ಪ್ರೇ ಗನ್‌ಗೂ ಮೊಳೆ ಗನ್‌ಗೂ ಏನೂ ತೊಂದರೆಯಾಗಿಲ್ಲ.

ವಾರ 9

ಈ ವಾರ ಕರಾರನ್ನು ಪೆನ್ಸಿಲ್ ಹಿಡಿದು ಪೂರ್ತಿ ಓದಿದೆ. ಓದುತ್ತಾ ಎದೆ ಝಲ್ಲೆಂದ ಜಾಗ ಒಂದಿದೆ. ನಾವು ವರ್ಷಕ್ಕೆ 50,000 ಯೂನಿಟ್ ಬಳಸುತ್ತೇವೆ ಅಂತ ಒಪ್ಪಿದ್ದೇವೆ. 15% ಹೆಚ್ಚುಕಮ್ಮಿ ನಡೆಯುತ್ತದೆ. 42,500ಕ್ಕಿಂತ ಕೆಳಗೆ ಹೋದರೆ, ಬಳಸದ ಯೂನಿಟ್‌ಗೂ ದುಡ್ಡು ಕಟ್ಟಬೇಕು. ಅಂದರೆ ನಾವು ಇಷ್ಟು ಕಷ್ಟಪಟ್ಟು ಉಳಿಸಿದ್ದಕ್ಕೇ ದಂಡ ಬೀಳಬಹುದು.

ತಕ್ಷಣ ಕೂತು ಕೂಡಿದೆ. ಮೊದಲ ಏಳು ತಿಂಗಳು 29,400. ಆಮೇಲಿನ ಎರಡು ತಿಂಗಳು 6,150. ಉಳಿದ ಮೂರು ತಿಂಗಳು 2,900ರಂತೆ 8,700. ಒಟ್ಟು 44,250. ಈ ವರ್ಷ ದಾಟಿಕೊಳ್ಳುತ್ತೇವೆ. ಆದರೆ ಇದೇ 50,000ಕ್ಕೆ ಇನ್ನೊಂದು ವರ್ಷ ಸಹಿ ಹಾಕಿದ್ದರೆ ಖಂಡಿತ ಸಿಕ್ಕಿಹಾಕಿಕೊಳ್ಳುತ್ತಿದ್ದೆವು. ಮೊದಲು ಬಳಕೆ ಸರಿಮಾಡಿ ಆಮೇಲೆ ಕರಾರಿಗೆ ಹೋಗಬೇಕು ಅನ್ನುವುದು ನನಗೆ ಖಚಿತವಾದದ್ದು ಈ ಲೆಕ್ಕದಿಂದಲೇ.

ವಾರ 11

ಕರಾರು ಮುಂದುವರಿಸುವುದಿಲ್ಲ ಅಂತ ನೋಟಿಸ್ ಕಳಿಸಿದೆ. ತಲುಪಿದೆ ಅಂತ ಉತ್ತರ ಬರುವವರೆಗೆ ಬಿಡಲಿಲ್ಲ. ಉತ್ತರ ಮೂರನೇ ದಿನ ಬಂತು, ಫೈಲ್‌ನಲ್ಲಿದೆ.

ವಾರ 13–15

ಮೂರು ಕಂಪನಿಗಳಿಂದ ದರ ತರಿಸಿದೆವು. ಪೂರೈಕೆ ಕಂಪನಿಯನ್ನು ಆರಿಸಿಕೊಳ್ಳುವ ಅವಕಾಶ ಎಲ್ಲಾ ಕಡೆ ಇರುವುದಿಲ್ಲ. ಇಲ್ಲದ ಕಡೆ ಈ ಭಾಗ ಬಿಟ್ಟು ಉಳಿದದ್ದು ಹಾಗೇ ಅನ್ವಯಿಸುತ್ತದೆ.

ಯೂನಿಟ್ ದರ ಮಾತ್ರ ಹೋಲಿಸಿದಾಗ ಒಂದು ಕಂಪನಿ ಎಲ್ಲರಿಗಿಂತ ಕಮ್ಮಿ ಇತ್ತು. ನಮ್ಮ ಸ್ವಂತ ಬಳಕೆಯನ್ನು ತಿಂಗಳಿಂದ ತಿಂಗಳಿಗೆ ಶೀಟ್‌ನಲ್ಲಿ ಹಾಕಿ ಮೂರಕ್ಕೂ ವರ್ಷದ ಒಟ್ಟು ಬಿಲ್ ತೆಗೆದಾಗ ಅದು ಎರಡನೇ ಸ್ಥಾನಕ್ಕೆ ಇಳಿಯಿತು. ಅದರ ದಿನದ ನಿಗದಿತ ಶುಲ್ಕ ಜಾಸ್ತಿ. ಜೊತೆಗೆ ‘ಸ್ಥಿರ ದರ’ ಅಂತ ಬರೆದಿದ್ದರೂ ಸ್ಥಿರವಾಗಿದ್ದದ್ದು ಕರೆಂಟಿನ ಬೆಲೆ ಮಾತ್ರ. ಲೈನ್ ಶುಲ್ಕ ಏರಿದರೆ ಅದು ನೇರವಾಗಿ ನಮ್ಮ ಮೇಲೆ. ಇದನ್ನು ಕೇಳಿಯೇ ತಿಳಿಯಬೇಕು: ‘ಈ ದರದಲ್ಲಿ ಯಾವ ಯಾವ ಶುಲ್ಕ ಬದಲಾಗಬಹುದು?’ ಉತ್ತರವನ್ನು ಬರಹದಲ್ಲೇ ತೆಗೆದುಕೊಂಡೆ.

ಇಬ್ಬರು ಏಜೆಂಟರೂ ಬಂದಿದ್ದರು. ಅವರು ನಮ್ಮಿಂದ ಶುಲ್ಕ ಕೇಳುವುದಿಲ್ಲ, ಅವರ ಕಮಿಷನ್ ಯೂನಿಟ್ ದರದ ಒಳಗೇ ಸೇರಿರುತ್ತದೆ. ಎಷ್ಟು ಅಂತ ಇಬ್ಬರನ್ನೂ ಕೇಳಿದೆ. ಒಬ್ಬರು ಬರೆದುಕೊಟ್ಟರು. ಇನ್ನೊಬ್ಬರು ಮಾತು ತೇಲಿಸಿದರು, ಅವರ ಜೊತೆ ಮುಂದುವರಿಯಲಿಲ್ಲ.

ಮಾರುಕಟ್ಟೆಯ ಜೊತೆ ಏರಿಳಿಯುವ ದರವೋ, ಸ್ಥಿರ ದರವೋ? ಪಾಲುದಾರರಿಗೆ ಏರಿಳಿಯುವುದರ ಮೇಲೆ ಮನಸ್ಸಿತ್ತು. ನಾನು ಒಪ್ಪಲಿಲ್ಲ. ನಾವು ಆರ್ಡರ್‌ಗೆ ಬೆಲೆ ಹೇಳುವುದು ಎರಡು ಮೂರು ತಿಂಗಳು ಮೊದಲು. ನಡುವೆ ಕರೆಂಟ್ ಏರಿದರೆ ಆ ಭಾರ ಹೊರಲು ನಮ್ಮಲ್ಲಿ ಮೀಸಲು ಹಣ ಇಲ್ಲ. ಕೊನೆಗೆ 12 ತಿಂಗಳ ಸ್ಥಿರ ದರ ಆರಿಸಿದೆವು. 24 ತಿಂಗಳದ್ದು ಸ್ವಲ್ಪ ಅಗ್ಗವಿತ್ತು, ಆದರೆ ನಮ್ಮ ಬಳಕೆ ಇನ್ನೂ ಬದಲಾಗುತ್ತಿದೆ. ವರ್ಷಕ್ಕೆ 35,000 ಯೂನಿಟ್, 25% ಹೆಚ್ಚುಕಮ್ಮಿ. ಆ 25% ಪಡೆಯಲು ಎರಡು ಸಲ ಪತ್ರ ಬರೆಯಬೇಕಾಯಿತು.

ವಾರ 17

ಸಂಪರ್ಕದ ಒಪ್ಪಂದ ಬೇರೆಯೇ ಕಾಗದ. ಅದರಲ್ಲಿ 50 ಕೆವಿಎ ಕಾದಿರಿಸಿದ್ದೇವೆ, ಬಳಸಲಿ ಬಿಡಲಿ ಅದರ ಮೇಲೆ ಶುಲ್ಕ. ಹಾಳೆ ಅಂಟಿಸಿದ ಮೇಲೆ ನಮ್ಮ ಗರಿಷ್ಠ 29 ಕೆವಿಎ. ಅದರಲ್ಲಿ ನಿಜವಾದ ಕೆಲಸಕ್ಕೆ ಹೋಗುವುದು 23 ಕಿಲೋವಾಟ್. ಈ ಎರಡರ ಅನುಪಾತವೇ ಪವರ್ ಫ್ಯಾಕ್ಟರ್, ನಮ್ಮದು 0.79. ಅರ್ಧ ಲೋಡ್‌ನಲ್ಲಿ ಓಡುವ ಮೋಟಾರ್‌ಗಳೇ ಕಾರಣ. ಈ ಅನುಪಾತ ಸರಿಪಡಿಸುವ ಕೆಪ್ಯಾಸಿಟರ್ ಹಾಕಿ 0.96ಕ್ಕೆ ತಂದರೆ ಅದೇ 23 ಕಿಲೋವಾಟ್‌ಗೆ 24 ಕೆವಿಎ ಸಾಕು. ಎಲೆಕ್ಟ್ರಿಷಿಯನ್ ಲೆಕ್ಕದಲ್ಲಿ 12 ಕೆವಿಎಆರ್ (ಕೆಪ್ಯಾಸಿಟರ್‌ನ ಸಾಮರ್ಥ್ಯದ ಅಳತೆ) ಬೇಕು. ಹಂತ ಹಂತವಾಗಿ ತಾನೇ ಸೇರಿಕೊಳ್ಳುವ ಪ್ಯಾನೆಲ್ ಆಗಬೇಕು, ಇಲ್ಲದಿದ್ದರೆ ರಾತ್ರಿ ಲೋಡ್ ಇಲ್ಲದಾಗ ಅತಿಯಾಗುತ್ತದೆ. ಇದರಿಂದ ಯೂನಿಟ್ ಕಮ್ಮಿಯಾಗುವುದಿಲ್ಲ, ಅದು ನೆನಪಿರಲಿ. ಇಳಿಯುವುದು ಕೆವಿಎ ಮತ್ತು ದಂಡ. ಪ್ಲಗ್‌ಗೆ ಸಿಕ್ಕಿಸಿದರೆ ಮನೆಯ ಬಿಲ್ ಅರ್ಧವಾಗುತ್ತದೆ ಅಂತ ಮಾರುವ ಪೆಟ್ಟಿಗೆಗಳನ್ನು ದಯವಿಟ್ಟು ಕೊಳ್ಳಬೇಡಿ.

50ರಿಂದ 32 ಕೆವಿಎಗೆ ಇಳಿಸಲು ಅರ್ಜಿ ಹಾಕಿದೆವು. ಇನ್ನೂ ಇಳಿಸಬಹುದಿತ್ತು. ಆದರೆ ಬರುವ ವರ್ಷ ಒಂದು ಯಂತ್ರ ತರುವ ಯೋಚನೆ ಇದೆ, ಮತ್ತೆ ಏರಿಸಲು ಸಮಯವೂ ಹಣವೂ ಬೇಕು. ಮಿತಿ ಮೀರಿದರೆ ಬೀಳುವ ದಂಡ ಮಾಮೂಲಿ ದರಕ್ಕಿಂತ ದೊಡ್ಡದು.

ವಾರ 18

ಧೂಳಿನ ಫ್ಯಾನ್‌ಗೆ ವೇಗ ಇಳಿಸುವ ಡ್ರೈವ್ ಹಾಕುವ ಆಸೆಯಿತ್ತು. ಫ್ಯಾನ್‌ನ ವೇಗ 80% ಮಾಡಿದರೆ ವಿದ್ಯುತ್ 51%ಕ್ಕೆ ಇಳಿಯುತ್ತದೆ, ಯಾಕೆಂದರೆ ಅದು ವೇಗದ ಘನದಂತೆ ಬದಲಾಗುತ್ತದೆ. ಆದರೆ ಮರದ ಧೂಳು ಪೈಪ್‌ನಲ್ಲಿ ಕೂರದೆ ಸಾಗಲು ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಹೋಗಬೇಕು. ಅಳೆದಾಗ ನಮ್ಮದು 23 ಬಂತು. 80% ಮಾಡಿದರೆ 18.4. ಪೈಪ್‌ನಲ್ಲಿ ಕೂತ ಧೂಳು ಬೆಂಕಿಗೆ ದಾರಿ. ಉಳಿತಾಯಕ್ಕಾಗಿ ಅದಕ್ಕೆ ಕೈ ಹಾಕುವುದಿಲ್ಲ. 90% ಆದರೆ 20.7 ಸಿಗುತ್ತದೆ, ವಿದ್ಯುತ್ 27% ಕಮ್ಮಿ. ಆದರೆ ಡ್ರೈವ್‌ನಿಂದ ಬರುವ ಹಾರ್ಮೋನಿಕ್ಸ್ (ಕರೆಂಟಿನ ಅಲೆಯ ವಿರೂಪ) ಕೆಪ್ಯಾಸಿಟರ್‌ಗಳಿಗೆ ಒಳ್ಳೆಯದಲ್ಲ. ಮೊದಲು ಪ್ಯಾನೆಲ್ ಬರಲಿ, ಎರಡನ್ನೂ ಸೇರಿಸಿ ಎಲೆಕ್ಟ್ರಿಷಿಯನ್ ಹೇಳಿದ ಹಾಗೆ ಮಾಡುತ್ತೇವೆ.

ವಾರ 20

ಈ ತಿಂಗಳು 2,860 ಯೂನಿಟ್, 28 ಕೆವಿಎ. ಪ್ಯಾನೆಲ್ ಮುಂದಿನ ವಾರ ಬರುತ್ತದೆ. ಹೊಸ ಕರಾರು ಶುರುವಾಗುವ ದಿನ ಬೆಳಗ್ಗೆ ಮೀಟರ್‌ನ ಫೋಟೋ ನಾನೇ ತೆಗೆಯಬೇಕು, ದಿನಾಂಕ ಸಮೇತ. ಹಳೆಯ ಕಂಪನಿಯ ಕೊನೆಯ ಬಿಲ್, ಹೊಸದರ ಮೊದಲ ಬಿಲ್, ಎರಡೂ ಆ ಒಂದು ರೀಡಿಂಗ್‌ಗೆ ಹೊಂದಬೇಕು. ಕ್ಯಾಲೆಂಡರ್‌ನಲ್ಲಿ ಮುಂದಿನ ವರ್ಷದ 120, 90, 60 ಆಗಲೇ ಬರೆದಾಗಿದೆ. ಸ್ಯಾಂಡಿಂಗ್ ಟೇಬಲ್ ಹತ್ತಿರದ ಎರಡು ಸೋರಿಕೆ ಇನ್ನೂ ಬಾಕಿ. ಶನಿವಾರ ಅವನ್ನು ನೋಡುತ್ತೇವೆ.