ಮುಳ್ಳು ಐದು, ಗಂಟೆ ಮೂರು

ಬೀದರದ ಚೌಬಾರಾ ಗಡಿಯಾರ ಕಂಡಾಗೆಲ್ಲ ಹಳೇ ಗೋಪುರ ಗಡಿಯಾರಗಳ ಲೆಕ್ಕ ತಲ್ಯಾಗ ಓಡ್ತದ. ಹನ್ನೆರಡು ತಾಸಿಗೆ 78 ಏಟು! ಅಷ್ಟು ಹೊಡೀಲಿಕ್ಕೆ ಮುಳ್ಳಿನದು ಬಿಟ್ಟು ಬೇರೇನೇ ತೂಕದ ಗುಂಡು ಬೇಕು. ಅದರ ಕೀಲಿ ಮರೆತರ ಮುಳ್ಳು ಮುಂದ ಹೋಗ್ತದ, ಗಂಟೆ ಅಲ್ಲೇ ನಿಲ್ತದ. ಆಮೇಲೆ ಕೀಲಿ ಕೊಟ್ಟರ ಐದು ಆಗಿದ್ದರೂ ಮೂರೇ ಹೊಡೀತದ. ಯಾಕಂದ್ರ ಏಟು ಎಣಿಸೋ ಕಚ್ಚಿನ ಗಾಲಿಗೆ ಹೊತ್ತು ಗೊತ್ತಿಲ್ಲ, ಸರದಿ ಅಷ್ಟೇ ಗೊತ್ತು. (ಕೆಲವು ಮನುಷ್ಯರೂ ಹಂಗೇ ಬಿಡ್ರಿ.) ಆ ಗಾಲಿ ತಡೆಯೋ ಸನ್ನೆಕೋಲು ಕೈಯಿಂದ ಎತ್ತಿ, ಏಟು ಮುಳ್ಳಿಗೆ ಹೊಂದೋತನಕ ಹೊಡೆಸಬೇಕು. ಏಟು ಒಂದರ ಮ್ಯಾಲೊಂದು ಬೀಳದಂಗ ತಡೆಯೋದು ಗಾಳಿ ಕೊಯ್ಯೋ ರೆಕ್ಕಿ. ಎಣ್ಣಿಗೆ ಧೂಳು ಕೂತು ಅಂಟಾದರ ಏಟಿನ ನಡುವಿನ ಅಂತರ ಹಿಗ್ಗತದ.

ನಮ್ಮ ಬ್ಯಾಸಗಿ ಬೇರೆ: ಉಕ್ಕಿನ ಲೋಲಕದ ಕಡ್ಡಿ 20 ಡಿಗ್ರಿ ಹೆಚ್ಚು ಕಾದರ ಉದ್ದಾಗಿ, ಗಡಿಯಾರ ದಿನಕ್ಕ ಸುಮಾರು 10 ಸೆಕೆಂಡ್ ಹಿಂದ.